ನಗೊಯಾ ನಂಬರಿನ ಬಿಳಿ ಕಾರು

ಕಾದ ಮರಳಿನ ವಾಸನೆ ನನಗೆ ದಾವಣಗೆರೆಯಿಂದಲೇ ಗೊತ್ತು. ನಮ್ಮ ಓಣಿಯ ತುದಿಗೆ ಮಂಡಕ್ಕಿ ಭಟ್ಟಿ ಇತ್ತು. ಬಾಣಲೆಯ ಮರಳಿಗೆ ಅಕ್ಕಿ ಬಿದ್ದೊಡನೆ ಚಟಪಟ ಅರಳಿ, ಸುಟ್ಟ ಕಲ್ಲಿನಂಥ ಒಂದು ವಾಸನೆ ಬೀದಿಗೆಲ್ಲ ಹರಡುತ್ತಿತ್ತು. ಭಟ್ಟಿಯ ಸಾಬರು ಮೊದಲ ಹಿಡಿಯನ್ನು ಯಾವಾಗಲೂ ನನ್ನ ತಂಗಿಯ ಮಡಿಲಿಗೆ ಹಾಕುತ್ತಿದ್ದರು. ಎರಡನೆಯದು ನನಗೆ. ಎರಡೂ ಹಿಡಿ ಒಂದೇ ಅಳತೆ. ಆದರೂ ನಾನು ನನ್ನ ಮಡಿಲು ಬಿಟ್ಟು ವರ್ಷಗಟ್ಟಲೆ ಅವಳ ಮಡಿಲನ್ನೇ ನೋಡಿದೆ.

ತೊತ್ತೊರಿಯ ಮರಳುಗುಡ್ಡಗಳ ಬುಡದಲ್ಲಿ, ಆಗಸ್ಟಿನ ಬೆಳಗಿನ ಹತ್ತು ಗಂಟೆಗೆ, ಅದೇ ವಾಸನೆ ಮಾಸ್ಕಿನೊಳಗೂ ನುಗ್ಗಿತು.

ಇದೇ ಗುಡ್ಡದ ಆಚೆಗೆ ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಭುವನ್ ಕಾಣೆಯಾಗಿದ್ದ.

"ಹದಿನಾಲ್ಕು," ಅಂದ ಅಂಗಡಿಯ ಮುದುಕ. ಆ ನಂಬರಿನ ಮರದ ಬಿಲ್ಲೆಯನ್ನು ಪ್ಲಾಸ್ಟಿಕ್ ಪರದೆಯ ಕೆಳಗಿನಿಂದ ನಮ್ಮ ಕಡೆ ತಳ್ಳಿದ.

ಬೇಸಿಗೆಯಲ್ಲಿ ಈ ಮರಳಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಅದಕ್ಕೇ ಈ ಅಂಗಡಿಯವನು ರಬ್ಬರ್ ಬೂಟು ಕೊಡುತ್ತಾನೆ. ನಮ್ಮ ಚಪ್ಪಲಿ, ಶೂ ಅವನ ಗೂಡಿನಲ್ಲಿ ಬಿಡಬೇಕು. ಗೂಡಿಗೂ ಬೂಟಿಗೂ ಒಂದೇ ನಂಬರ್. ನಿನ್ನೆ ನನ್ನದು ಹದಿನೈದು. ನನ್ನ ಮುಂದೆ ನಿಂತಿದ್ದ ಭುವನ್‌ನದು ಹದಿನಾಲ್ಕು. ಬಗ್ಗಿ ನನ್ನ ಬೂಟು ಹಾಕಿಕೊಟ್ಟವನೂ ಅವನೇ.

"ಗೂಡು ಖಾಲಿ ಇದೆ ಆಂಟಿ," ಅಂದಳು ಯಾಮಿನಿ. ಭುವನ್‌ನ ಹೆಂಡತಿ. ಮೈಸೂರಿನವಳು. ಜಪಾನಿಗೆ ಬಂದು ಎಂಟು ವರ್ಷ. ಭಾಷೆ ನೀರು ಕುಡಿದಷ್ಟು ಸಲೀಸು. ರಾತ್ರಿಯೆಲ್ಲ ಅತ್ತು ಅವಳ ಕಣ್ಣು ಊದಿಕೊಂಡಿದ್ದವು.

"ಅವನ ಶೂ ಎಲ್ಲಿ ಅಂತ ಕೇಳು."

ಅವಳು ಕೇಳಿದಳು. ಮುದುಕ ಬಹಳ ಹೊತ್ತು ಮಾತಾಡಿದ, ಎರಡು ಸಲ ತಲೆ ಬಾಗಿಸಿದ.

"ಕೊರೊನಾ ಬಂದ ಮೇಲೆ ಬೂಟನ್ನ ಕೈಗೆ ತಗೊಳ್ಳಲ್ವಂತೆ. ಹೊರಗಿನ ಬುಟ್ಟಿಗೆ ಹಾಕಿ, ಅವರವರ ಶೂ ಅವರೇ ತಗೊಂಡು ಹೋಗ್ತಾರೆ. ನಿನ್ನೆ ನಾಲ್ಕು ಗಂಟೆಗೆ ಬುಟ್ಟಿ ಖಾಲಿ ಮಾಡೋವಾಗ ಹದಿನಾಲ್ಕು ಅದರಲ್ಲೇ ಇತ್ತಂತೆ. ತೊಳೆದಿತ್ತಂತೆ."

"ಪೊಲೀಸರಿಗೆ ಹೇಳಲಿಲ್ವಾ?"

"ಯಾರ ಬೂಟು ಅಂತ ಇವರಿಗೆ ಹೇಗೆ ಗೊತ್ತಾಗಬೇಕು? ಯಾರೂ ಕೇಳಲೇ ಇಲ್ವಂತೆ. ಎಲ್ಲರೂ ಸಮುದ್ರದ ಕಡೆ ನೋಡ್ತಿದ್ರಲ್ಲ."

ಅದು ನಿಜ. ನಾವೆಲ್ಲ ಸಮುದ್ರವನ್ನೇ ನೋಡುತ್ತಿದ್ದೆವು, ಯಾಕೆಂದರೆ ನೋಡಲು ಹೇಳಿದವನು ದಿನೇಶ.

ದಿನೇಶ ನನ್ನ ತಂಗಿಯ ಮಗಳು ನೀರಜಾಳ ಗಂಡ. ಅವನೂ ಭುವನ್‌ನೂ ನಗೊಯಾದ ಒಂದು ಕಾರು ಬಿಡಿಭಾಗದ ಕಂಪನಿಯಲ್ಲಿ ಒಂದೇ ಮೇಜಿನ ಎರಡು ತುದಿಗೆ ಕೂರುವವರು. ಕೊರೊನಾದಿಂದ ಕೆಲಸ ಕುಗ್ಗಿ, ಡಿಸೆಂಬರಿನ ನಂತರ ಇಬ್ಬರಲ್ಲಿ ಒಬ್ಬನಿಗೇ ಜಾಗ ಎಂದು ಕಂಪನಿ ತಿಳಿಸಿತು. ಜುಲೈಯಲ್ಲಿ ಉಳಿಯುವವನ ಹೆಸರು ಬಂತು: ಭುವನ್. ಹೊಟ್ಟೆಕಿಚ್ಚಿಲ್ಲ ಎಂದು ತೋರಿಸಲೋ ಏನೋ, ಈ ಮೂರು ದಿನದ ಕಾರು ಪ್ರವಾಸ ಏರ್ಪಡಿಸಿದವನು ದಿನೇಶನೇ. ಫೆಬ್ರವರಿಯಲ್ಲಿ ತಂಗಿಯ ಮಗಳನ್ನು ನೋಡಲು ಬಂದು, ವಿಮಾನ ನಿಂತು ಇಲ್ಲೇ ಉಳಿದ ನನ್ನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡ.

ನಿನ್ನೆ ಇಬ್ಬರೂ ಗುಡ್ಡದ ನೆತ್ತಿ ದಾಟಿ ಇಳಿದರು. ವಾಪಸು ಬಂದದ್ದು ದಿನೇಶ ಒಬ್ಬನೇ. "ನೀರಿಗೆ ಇಳೀಬೇಡ ಅಂದೆ. ಕೇಳಲಿಲ್ಲ. ಅಲೆ ಬಂತು, ಆಮೇಲೆ ಅವನು ಕಾಣಲಿಲ್ಲ," ಎಂದು ಪೊಲೀಸರ ಮುಂದೆ ಕುಸಿದು ಕೂತು ಅತ್ತ.

ನೀರಿನಲ್ಲಿ ಹೋದವನು ಬೂಟು ತೊಳೆದು ಬುಟ್ಟಿಗೆ ಹಾಕುವುದಿಲ್ಲ.

ಯಾಮಿನಿಗೂ ಅದೇ ಹೊಳೆದಿರಬೇಕು. ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದಳು. ಮುದುಕ ವಾಪಸು ಕೇಳಲಿಲ್ಲ. ಎರಡು ಬಾಟಲಿ ತಣ್ಣನೆ ನೀರನ್ನು ಪರದೆಯಾಚೆಗಿಟ್ಟು, ನಾವು ಥ್ಯಾಂಕ್ಸ್ ಹೇಳುವುದರೊಳಗೆ ಬೆನ್ನು ತಿರುಗಿಸಿ ಯಾವುದೋ ಗೂಡು ಒರೆಸತೊಡಗಿದ.

ನಾವು ಇಳಿದುಕೊಂಡಿದ್ದ ಚಿಕ್ಕ ವಸತಿಗೃಹದ ಒಡತಿ ಹಮಾದಾ-ಸಾನ್ ಹೊರಗೆ ತನ್ನ ಪುಟ್ಟ ಟ್ರಕ್ಕಿನಲ್ಲಿ ಕಾಯುತ್ತಿದ್ದಳು. ನನ್ನ ವಯಸ್ಸಿನವಳೇ. ನನ್ನ ಸೊಂಟ ನೋಡಿ ಸೀಟಿನ ಮೇಲೆ ಹೇಳದೆ ಕೇಳದೆ ಒಂದು ದಿಂಬು ಇಟ್ಟಿದ್ದಳು.

"ಪೊಲೀಸರಿಗೆ ಹೇಳೋಣ," ಅಂದಳು ಯಾಮಿನಿ.

"ಒಂದು ಗಂಟೆ ಕೊಡು ನನಗೆ."

"ಯಾಕೆ? ನಿಮ್ಮ ಅಳಿಯ ಅಂತಾನಾ?"

"ಹೌದು," ಅಂದೆ. ಸುಳ್ಳು ಹೇಳುವ ವಯಸ್ಸಲ್ಲ ನನ್ನದು.

ಅವಳು ಕಿಟಕಿಯ ಕಡೆ ತಿರುಗಿದಳು. ಬೆಳಿಗ್ಗೆ ಇನ್ಸ್‌ಪೆಕ್ಟರ್ ತಲೆ ತಗ್ಗಿಸಿ ಹೇಳಿದ್ದು ಇಬ್ಬರಿಗೂ ನೆನಪಿತ್ತು: ಸಂಜೆಯೊಳಗೆ ಸಿಗದಿದ್ದರೆ ನಾಳೆಯಿಂದ ನಮ್ಮ ಹುಡುಕಾಟದ ರೀತಿ ಬೇರೆ. ಅಂದರೆ ಮನುಷ್ಯನನ್ನಲ್ಲ, ಹೆಣವನ್ನು.

*

ವಸತಿಗೃಹದ ಹಿತ್ತಿಲಲ್ಲಿ ದಿನೇಶನ ಬಿಳಿ ಕಾರು ನಿಂತಿತ್ತು. ಅದನ್ನು ಹಿತ್ತಿಲಿಗೆ ನಿಲ್ಲಿಸಿದ್ದು ಹಮಾದಾ-ಸಾನ್. ಆ ಆಗಸ್ಟಿನಲ್ಲಿ ಹೊರಜಿಲ್ಲೆಯ ನಂಬರಿನ ಕಾರೆಂದರೆ ಜನ ಹೆದರುತ್ತಿದ್ದರು. ಕಾಯಿಲೆ ಹೊತ್ತು ತಂದವರೆಂದು. ಬಂದ ದಿನವೇ ಅವಳು ಒಂದು ಕಾಗದದ ಮೇಲೆ ಬರೆದು ಗಾಜಿಗೆ ಸಿಕ್ಕಿಸಿದ್ದಳು: "ಇವರು ನನ್ನ ಅತಿಥಿಗಳು. ಜ್ವರ ನೋಡಿದ್ದೇನೆ. ದಯವಿಟ್ಟು ಬಯ್ಯಬೇಡಿ."

ಶಾಲು ತರುವ ನೆವದಲ್ಲಿ ನಾನು ಕಾರಿನ ಬಾಗಿಲು ತೆಗೆದೆ. ಬೀಗ ಹಾಕಿರಲಿಲ್ಲ.

ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿದವಳಿಗೆ ಪುಡಿ ಕಂಡರೆ ಬೆರಳಿಗೆ ತಗುಲಿಸಿ ನೋಡುವ ಚಟ. ಮುಂದಿನ ಸೀಟಿನ ಕೆಳಗಿನ ಚಾಪೆಯಲ್ಲಿ ಮರಳಿತ್ತು. ಗುಡ್ಡದ ಮರಳು ಹಿಟ್ಟಿನಷ್ಟು ನಯ, ಕಂದು. ಇದು ಬಿಳಿ, ಸಕ್ಕರೆಯಷ್ಟು ದಪ್ಪ. ಜೊತೆಗೆ ನಾಲ್ಕೈದು ಪೈನ್ ಎಲೆ, ಸೂಜಿಯಂತೆ. ಗುಡ್ಡದಲ್ಲಿ ನಾವು ನಡೆದ ಕಡೆ ಒಂದು ಮರವೂ ಇರಲಿಲ್ಲ.

ಸೀಟಿನ ಬೆನ್ನಿಗೆ ಕಸದ ಚೀಲ ತೂಗುತ್ತಿತ್ತು. ಇಲ್ಲಿ ಬೀದಿಯಲ್ಲಿ ಕಸದ ತೊಟ್ಟಿ ಸಿಗುವುದು ಅಪರೂಪ. ಮಾಡಿದ ಕಸವನ್ನು ಮನೆಗೇ ಒಯ್ದು, ಬಗೆಬಗೆಯಾಗಿ ಬೇರ್ಪಡಿಸಿ, ಅದರದರ ದಿನ ಬಂದಾಗ ಎಸೆಯಬೇಕು. ನೀರಜಾ ಐದು ವರ್ಷದಲ್ಲಿ ಇದನ್ನು ಎಷ್ಟು ಚೆನ್ನಾಗಿ ಕಲಿತಿದ್ದಳೆಂದರೆ, ಚಾಕೊಲೇಟಿನ ಕಾಗದವನ್ನೂ ಮಡಚಿ ಇದೇ ಚೀಲಕ್ಕೆ ಹಾಕುತ್ತಿದ್ದಳು. ಊರಿನಲ್ಲಾಗಿದ್ದರೆ ಈ ಚೀಲದಲ್ಲಿ ನನಗೆ ಸಿಕ್ಕ ಚೀಟಿ ಕಿಟಕಿಯಿಂದ ಹಾರಿ ಹೋಗಿ ಯಾರಿಗೂ ಸಿಗುತ್ತಿರಲಿಲ್ಲ.

ಅಂಗಡಿಯ ರಸೀದಿ. ನಿನ್ನೆಯ ತಾರೀಖು. ಸಮಯ 16:52.

ಆರು ತಿಂಗಳ ಮನೆವಾಸದಲ್ಲಿ ಟೀವಿ ನೋಡುತ್ತ ನಾನು ಜಪಾನಿನ ಸುಲಭದ ಅಕ್ಷರಗಳನ್ನು ಕಲಿತಿದ್ದೆ. "ಯೋಗುರುತೊ" ಓದಲು ಬಂತು. ಮೊಸರು. ಮೇಲಿನ ಸಾಲನ್ನು ಹಮಾದಾ-ಸಾನ್ ಹಿತ್ತಿಲ ಕಡೆಯ ಅಡಿಗೆಮನೆ ಕಿಟಕಿಯಿಂದಲೇ ಓದಿ, ಉಪ್ಪಿನ ಡಬ್ಬಿ ಎತ್ತಿ ತೋರಿಸಿದಳು. ಉಪ್ಪು ಹಾಕಿದ ಬರಿ ಅನ್ನದುಂಡೆ, ಎರಡು. ಮೊಸರು, ಸಕ್ಕರೆ ಇಲ್ಲದ್ದು, ಒಂದು.

ನಾನು ಚೀಟಿಯನ್ನು ನೋಡುತ್ತಾ ನಿಂತೆ. ಕೊಂಬಿನಿ ಎನ್ನುವ, ಹಗಲೂ ರಾತ್ರಿ ತೆರೆದಿರುವ ಇಲ್ಲಿನ ಅಂಗಡಿಯ ನೂರು ತಿಂಡಿಯ ಮಧ್ಯೆ ಈ ಎರಡನ್ನೇ ಆರಿಸಿಕೊಳ್ಳುವವರು ಈ ಕರಾವಳಿಯಲ್ಲಿ ಯಾರಿದ್ದಾರು? ಇದು ಮೊಸರನ್ನ.

ನಿನ್ನೆ ನಾಲ್ಕರಿಂದ ಐದೂವರೆಯವರೆಗೆ ಕಾರಿನ ಕೀ ಯಾರ ಹತ್ತಿರ ಇತ್ತೆಂಬುದು ನನಗೆ ಗೊತ್ತಿತ್ತು. "ಕರಾವಳಿ ರಸ್ತೇಲಿ ಹುಡುಕಿ ಬರ್ತೀನಿ ದೊಡ್ಡಮ್ಮ," ಎಂದು ಹೋದವಳು ನೀರಜಾ. ದಿನೇಶ ಕತ್ತಲಾಗುವವರೆಗೆ ಪೊಲೀಸರ ಜೊತೆಯೇ ಇದ್ದ.

"ಏನ್ ಮಾಡ್ತಿದ್ದೀರಾ ದೊಡ್ಡಮ್ಮ?"

ಹಿಂದೆಯೇ ನಿಂತಿದ್ದಳು ನೀರಜಾ. ಮಾಸ್ಕು, ಹ್ಯಾಟು, ಎರಡರ ನಡುವೆ ನನ್ನ ತಂಗಿಯದೇ ಕಣ್ಣು.

"ಶಾಲು ಹುಡುಕ್ತಿದ್ದೆ."

"ಈ ಸೆಖೇಲಾ?" ಎಂದು ನಕ್ಕಳು. ನಗು ಕಣ್ಣಿಗೆ ಮುಟ್ಟಲಿಲ್ಲ. "ಸರಿ, ನಾನು ಸ್ಟೇಷನ್‌ಗೆ ಹೋಗಿ ದಿನೇಶನ್ನ ಕರ್ಕೊಂಡ್ ಬರ್ತೀನಿ. ಸ್ಟೇಟ್‌ಮೆಂಟ್ ಮುಗೀತಂತೆ. ಯಾಮಿನಿನ ನೋಡ್ಕೊಳ್ಳಿ. ಒಬ್ಬಳನ್ನೇ ಎಲ್ಲೂ ಬಿಡಬೇಡಿ."

"ಬೆಳಿಗ್ಗೆ ಎಲ್ಲಿಗಾದರೂ ಹೋಗಿದ್ಯಾ?"

"ಎಂಟು ಗಂಟೆ ತನಕ ಮಲಗಿದ್ದೆನಲ್ಲ."

ಕಾರು ಹಿತ್ತಿಲಿನಿಂದ ಮೆಲ್ಲಗೆ ಹೊರಟಿತು. ರಸೀದಿ ನನ್ನ ಮುಷ್ಟಿಯಲ್ಲಿತ್ತು.

*

ಯಾಮಿನಿ ಜಗಲಿಯಲ್ಲಿ ಕೂತಿದ್ದಳು. ಹಮಾದಾ-ಸಾನ್ ಬಾರ್ಲಿ ನೀರಿಟ್ಟು, ಅತಿಥಿ ಅತ್ತರೆ ತನಗೆ ಕಾಣಬಾರದೆಂದು ತಾನು ಆಚೆ ಮುಖ ಮಾಡಿ ಬೀನ್ಸ್ ಬಿಡಿಸುತ್ತಿದ್ದಳು.

ನಾನು ಚೀಟಿಯನ್ನು ಯಾಮಿನಿಯ ಮುಂದಿಟ್ಟೆ. ಅವಳ ಮುಖವನ್ನೇ ನೋಡಿದೆ. ಇದು ಅವಳ ಕೆಲಸವೇ ಆಗಿರಲಿ ಎಂದು ಒಳಗೊಳಗೇ ಆಸೆಪಟ್ಟೆ ಎಂಬುದನ್ನು ಮುಚ್ಚಿಡುವುದಿಲ್ಲ.

ಅವಳು ಒಂದು ಸಲ ಓದಿದಳು. ಇನ್ನೊಂದು ಸಲ ಓದಿದಳು. ಕೊರಳಿನಿಂದ ಮೇಲೆ ರಕ್ತವೆಲ್ಲ ಇಳಿದುಹೋಯಿತು.

"ಎಲ್ಲಿ ಸಿಕ್ತು?"

"ಕಾರಿನ ಕಸದ ಚೀಲದಲ್ಲಿ."

"ನಿಮ್ಮ ಕಾರಿನಲ್ಲಿ."

"ದಿನೇಶನ ಕಾರಿನಲ್ಲಿ."

"ನೀರಜಾ ಓಡಿಸಿದ ಕಾರು ಅಂತ ಹೇಳೋಕೆ ಕಷ್ಟ ಆಗತ್ತಾ ಆಂಟಿ?"

ನಾನು ಚೀಟಿಯನ್ನು ಅವಳ ಕಡೆ ಇನ್ನಷ್ಟು ಸರಿಸಿದೆ.

"ನಿಮಗೆ ಗೊತ್ತಾ," ಅಂದಳು, ಚೀಟಿಯನ್ನು ಉಗುರಿನಿಂದ ನೀವುತ್ತಾ, "ಅವನಿಗೆ ತುಂಬಾ ಭಯ ಆದಾಗ, ಏನೂ ಸೇರಲ್ಲ. ಉಪ್ಪು ಹಾಕಿದ ಅನ್ನ, ಮೊಸರು. ಒಗ್ಗರಣೆ ಕೂಡ ಬೇಡ. ಮದುವೆಯಾಗಿ ಆರು ವರ್ಷದಲ್ಲಿ ಮೂರೇ ಸಲ ಹಾಗಾಗಿದೆ. ಅದು ನನಗೊಬ್ಬಳಿಗೇ ಗೊತ್ತು ಅಂದ್ಕೊಂಡಿದ್ದೆ. ಅಷ್ಟಾದರೂ ನಂದು ಅಂದ್ಕೊಂಡಿದ್ದೆ."

"ಊಟದ ವಿಷಯ ಯಾರಿಗಾದ್ರೂ ಗೊತ್ತಿರಬಹುದು ಯಾಮಿನಿ."

"ಯಾರಿಗಾದ್ರೂ ಅಲ್ಲ. ಮೊನ್ನೆ ಗೆಂಬುದೊ ಗುಹೆ ಹತ್ರ ನೀವು ನೋಡಲಿಲ್ವಾ? ನೋಡಿದ್ರಿ. ನೀವು ಎಲ್ಲಾನೂ ನೋಡ್ತೀರಿ."

ನೋಡಿದ್ದೆ. ಆರು ಮೂಲೆಯ ಕಲ್ಲುಕಂಬಗಳು ಪೆನ್ಸಿಲ್ ಕಟ್ಟಿನಂತೆ ಎದ್ದುನಿಂತ ಆ ಬೆಟ್ಟದ ಮುಂದೆ, ಲಾವಾ ಆರುವಾಗ ಹೀಗೆ ಬಿರುಕು ಬಿಡುತ್ತದೆಂದು ನಾನು ಪಾಠ ಶುರು ಮಾಡಿದಾಗ ನಿಂತು ಕೇಳಿದವನು ಭುವನ್ ಒಬ್ಬನೇ. ಆದರೆ ಅವನ ಕೈಯಲ್ಲಿ ಕೊಡೆ ಇತ್ತು, ಕೊಡೆಯ ನೆರಳು ನೀರಜಾಳ ಮೇಲಿತ್ತು. ಪಾರ್ಕಿಂಗ್ ಜಾಗದಿಂದ ಗುಹೆಯವರೆಗೆ ಯಾಮಿನಿ ಬಿಸಿಲಿನಲ್ಲಿ ನಡೆದಳು.

"ಅವಳಿಗೆ ತಲೆನೋವಿತ್ತು," ಅಂದೆ.

"ನನಗೂ ಇತ್ತು. ಹೇಳಲಿಲ್ಲ. ಹೇಳದೇ ಗೊತ್ತಾಗಬೇಕಿತ್ತು." ಅವಳು ನಕ್ಕಳು, ಕೆಟ್ಟ ನಗು. "ಭಾನುವಾರ ಅವಳು ಫೋನ್ ಮಾಡಿದ್ರೆ ಬಾಲ್ಕನಿಗೆ ಹೋಗ್ತಾನೆ. 'ಏನಂತೆ' ಅಂದ್ರೆ 'ಏನಿಲ್ಲ, ದಿನೇಶನ ವಿಷ್ಯ'. ಏನಿದು ಯಾವಾಗ್ಲೂ ದಿನೇಶನ ವಿಷ್ಯ? ನಾನು ಅವನ ಫೋನ್ ನೋಡಿದ್ದೀನಿ ಆಂಟಿ. ದಿನಾ ನೋಡ್ತೀನಿ. ಅವನ ಟ್ರೈನ್ ಕಾರ್ಡು ಎಲ್ಲೆಲ್ಲಿ ಉಜ್ಜಿದಾನೆ ಅಂತ ಪ್ರಿಂಟ್ ತೆಗೆದು ನೋಡ್ತೀನಿ. ಏನೂ ಸಿಗಲ್ಲ. ಸಿಗದೇ ಇದ್ರೆ ಇನ್ನೂ ಜಾಸ್ತಿ ಹುಡುಕ್ತೀನಿ."

"ಅವನಿಗೆ ಗೊತ್ತಾ ಇದು?"

ಅವಳು ಬಾರ್ಲಿ ನೀರಿನ ಲೋಟವನ್ನು ಎರಡು ಬೆರಳಿನಿಂದ ಸುತ್ತಿಸಿದಳು.

"ನಿನ್ನೆ ರಾತ್ರಿ ಪೂರ್ತಿ ದೇವರಿಗೆ ಕೈ ಮುಗ್ದೆ, ಅವನು ಬದುಕಿರಲಿ ಅಂತ. ಈಗ ಬದುಕಿದ್ದಾನೆ ಅಂತ ಈ ಚೀಟಿ ಹೇಳ್ತಿದೆ. ಮೊದಲು ಬಂದಿದ್ದು ಸಂತೋಷ ಅಲ್ಲ ಆಂಟಿ. ಅವಳ ಕೈಯಿಂದ ತಿಂದ್ನಲ್ಲ ಅಂತ ಬಂತು. ನಾನು ಎಂಥ ಹೆಂಗಸು?"

ಬೀನ್ಸ್ ಬಿಡಿಸುವ ಸದ್ದು ನಿಂತಿತ್ತು. ಹಮಾದಾ-ಸಾನ್‌ಗೆ ಕನ್ನಡ ಬಾರದು. ಆದರೆ ಅವಳು ತನ್ನ ಸೊಂಟದ ಟವೆಲ್ ತೆಗೆದು, ತಿರುಗದೆಯೇ, ಹಿಂದಕ್ಕೆ ಕೈ ಚಾಚಿ ಯಾಮಿನಿಯ ಮೊಣಕಾಲ ಮೇಲಿಟ್ಟಳು.

"ಕಣ್ಣೊರೆಸಿಕೊ," ಅಂದೆ. "ಈ ಅಂಗಡಿ ಎಲ್ಲಿದೆ, ಓದು."

"ಉರಾದೊಮೆ. ಇಲ್ಲಿಂದ ಇಪ್ಪತ್ತು ನಿಮಿಷ. ಬಂಡೆ, ಪೈನ್ ಮರ, ಬಿಳಿ ಬೀಚು. ಇವತ್ತು ನಾವೆಲ್ಲ ನೋಡಬೇಕಿದ್ದ ಜಾಗ."

ಬಿಳಿ ಮರಳು. ಪೈನ್ ಎಲೆ.

"ಅಂಗಡಿಯವರಿಗೆ ನೆನಪಿರತ್ತಾ? ಎಲ್ಲರೂ ಮಾಸ್ಕಿನಲ್ಲಿರ್ತಾರೆ."

ಯಾಮಿನಿ ಇದನ್ನು ಹಮಾದಾ-ಸಾನ್‌ಗೆ ಹೇಳಿದಳು. ಆ ಹೆಂಗಸು ನಮ್ಮಿಬ್ಬರನ್ನೂ ನೋಡಿ, ಕೈಯೊರೆಸಿಕೊಂಡು, ಗೋಡೆಯ ಫೋನಿಗೆ ಹೋದಳು. ಆ ಅಂಗಡಿಯ ಯಜಮಾನಿ ಅವಳ ಶಾಲೆಯ ಗೆಳತಿ. ಮಾತು ಒಂದು ನಿಮಿಷವೂ ಹಿಡಿಯಲಿಲ್ಲ.

"ಮುಖ ಯಾರೂ ನೋಡಲಿಲ್ವಂತೆ," ಎಂದು ಯಾಮಿನಿ ಅನುವಾದಿಸಿದಳು. ದನಿ ಚಪ್ಪಟೆಯಾಗಿತ್ತು. "ಕಾರು ಇಡೀ ಊರೇ ನೋಡಿದೆ. ನಗೊಯಾ ನಂಬರಿನ ಬಿಳಿ ಕಾರು. ನಿನ್ನೆ ಐದು ಗಂಟೆಗೆ, ಇವತ್ತು ಬೆಳಿಗ್ಗೆ ಆರಕ್ಕೆ. ಎರಡು ಸಲವೂ ಪೈನ್ ತೋಪಿನ ಕ್ಯಾಂಪ್ ಜಾಗಕ್ಕೆ ಇಳೀತಂತೆ. ಈ ವರ್ಷ ಕೊರೊನಾ ಅಂತ ಅದನ್ನ ಮುಚ್ಚಿದ್ದಾರೆ. ಯಾರೋ ಆಗಲೇ ಪಂಚಾಯ್ತಿಗೆ ದೂರು ಕೊಟ್ಟಾಗಿದೆ."

ನಗೊಯಾದಲ್ಲಿ ಅಂಥ ಕಾರು ಹತ್ತು ಸಾವಿರ. ಅಲ್ಲಿ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಓಡಾಡಿದವರು, ಇಲ್ಲಿಯೂ ಹಾಗೆಯೇ ಎಂದುಕೊಂಡರು. ಈ ಬೇಸಿಗೆಯಲ್ಲಿ ಈ ಹಳ್ಳಿಗಳಲ್ಲಿ ಆ ನಂಬರ್ ಪ್ಲೇಟು ಕೊರಳಿಗೆ ಗಂಟೆ ಕಟ್ಟಿದ ಹಾಗೆ ಸದ್ದು ಮಾಡುತ್ತಿತ್ತು.

ಹಮಾದಾ-ಸಾನ್ ಆಗಲೇ ಟ್ರಕ್ಕಿನ ಕೀ ತೆಗೆದುಕೊಂಡಿದ್ದಳು. ತನ್ನ ನಂಬರ್ ಪ್ಲೇಟಿನ ಕಡೆ ಬೆರಳು ಮಾಡಿ ಹೇಳಿದಳು: "ತೊತ್ತೊರಿ. ಯಾರೂ ನೋಡುವುದಿಲ್ಲ." ಅಷ್ಟು ಜಪಾನಿ ನನಗೂ ಅರ್ಥವಾಯಿತು.

*

ರಸ್ತೆಯ ಎಡಕ್ಕೆ ಸಮುದ್ರ ಬಂಡೆಗಳ ನಡುವೆ ಹಸಿರಾಗಿ ಕಾಣಿಸಿ ಮರೆಯಾಗುತ್ತಿತ್ತು. ಕಲ್ಲಿನ ಕಮಾನು, ಅದರ ನೆತ್ತಿಯಲ್ಲಿ ಬೇರೂರಿದ ಒಂದೇ ಪೈನ್ ಮರ. ಬೇರೆ ದಿನವಾಗಿದ್ದರೆ ನಾನು ಟ್ರಕ್ಕು ನಿಲ್ಲಿಸಿ ಎನ್ನುತ್ತಿದ್ದೆ. ದೂರದಲ್ಲಿ ಪೊಲೀಸರ ದೋಣಿ ಒಂದೇ ಜಾಗದಲ್ಲಿ ಸುತ್ತುತ್ತಿತ್ತು. ಅದರಲ್ಲಿ ಬಗ್ಗಿ ನೀರು ನೋಡುತ್ತಿದ್ದವರಿಗೆ ನಾನು ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

"ನೀರಜಾ ಅಲ್ಲಿದ್ರೆ ಏನ್ ಮಾಡ್ತೀರಿ?" ಯಾಮಿನಿ ಕೇಳಿದಳು.

"ಪೊಲೀಸರಿಗೆ ನಾನೇ ಹೇಳ್ತೀನಿ."

"ಮಾತು ಕೊಡ್ತೀರಾ?"

"ಕೊಟ್ಟೆ."

ತೋಪಿನ ಬಾಯಿಗೆ ಹಳದಿ ಹಗ್ಗ ಕಟ್ಟಿದ್ದರು. ಅದರ ಒಂದು ತುದಿ ಬಿಚ್ಚಿತ್ತು. ಹಮಾದಾ-ಸಾನ್ ಟ್ರಕ್ಕನ್ನು ಮರದ ಮರೆಗೆ ನಿಲ್ಲಿಸಿ, ತಾನು ಇಳಿಯಲಿಲ್ಲ. ಇದು ನಿಮ್ಮ ಮನೆಯ ವಿಷಯ ಎನ್ನುವಂತೆ ತಲೆ ಬಾಗಿಸಿದಳು.

ಪೈನ್ ಎಲೆಯ ಹಾಸಿನ ಮೇಲೆ ನಮ್ಮ ಹೆಜ್ಜೆ ಕೇಳಿಸುತ್ತಿರಲಿಲ್ಲ. ಮರದ ಸಣ್ಣ ಕೋಣೆಗಳು ಸಾಲಾಗಿ, ಬಾಗಿಲು ಮುಚ್ಚಿ ನಿಂತಿದ್ದವು. ಕೊನೆಯ ಕೋಣೆಯ ಮುಂದೆ ಬಿಳಿ ಕಾರು. ಇಂಜಿನ್ ಚಾಲೂ ಇತ್ತು. ಚಾಲಕಿಯ ಸೀಟಿನಲ್ಲಿ ನೀರಜಾ; ಹಿಂದಿನ ದಾರಿ ಕಾಣುವ ಕನ್ನಡಿಯನ್ನು ನೋಡುತ್ತಿದ್ದಳು.

ಯಾಮಿನಿ ನುಗ್ಗಲು ಹೋದಳು. ನಾನು ಅವಳ ಮಣಿಕಟ್ಟು ಹಿಡಿದೆ. ಎಪ್ಪತ್ತೊಂದರ ಮುದುಕಿಯ ಹಿಡಿತ, ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಳ್ಳಲಿಲ್ಲ.

"ನೋಡಿದ್ರಾ ನಿಮ್ಮ ಮಗಳನ್ನ?" ಅಂದಳು, ಉಸಿರಿನಲ್ಲೇ. "ನೋಡಿದ್ರಾ?"

ಕೋಣೆಯ ಬಾಗಿಲು ಅರ್ಧ ತೆರೆಯಿತು.

ಭುವನ್. ಗಡ್ಡ ಬಂದ ಮುಖ, ನಿನ್ನೆಯದೇ ನೀಲಿ ಶರ್ಟು, ಕಾಲಿಗೆ ಅವನದೇ ಶೂ. ಬದುಕಿದ್ದ. ನನ್ನ ಎದೆ ಒಮ್ಮೆ ಹಗುರಾಯಿತು. ಮರುಗಳಿಗೆಯೇ ನೀರಜಾ ಇಳಿಯುತ್ತಾಳೆಂದು ಕಾದೆ.

ನೀರಜಾ ಇಳಿಯಲಿಲ್ಲ. ತೆರೆದದ್ದು ಆ ಬದಿಯ ಬಾಗಿಲು.

ದಿನೇಶ.

ಅಲೆ ಬಂದು ಗೆಳೆಯನನ್ನು ಎಳೆದೊಯ್ದದ್ದನ್ನು ಕಣ್ಣಾರೆ ಕಂಡೆನೆಂದು ಅತ್ತವನು. ಭುವನ್ ಹಿಂತಿರುಗದಿದ್ದರೆ ಯಾರ ಕೆಲಸ ಉಳಿಯುತ್ತಿತ್ತೋ ಅವನು. ಜುಲೈಯಿಂದ ಭುವನ್ ಕೋಣೆಗೆ ಬಂದರೆ ಟೀವಿಯ ಸದ್ದು ಜಾಸ್ತಿ ಮಾಡುತ್ತಿದ್ದವನು. ಇಬ್ಬರೂ ಮದುವೆಗೆ ಮುಂಚೆ ಮೂರು ವರ್ಷ ಕಂಪನಿಯ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದರೆಂಬುದು ನನಗೆ ಆಗ ನೆನಪಾಯಿತು. ಭಯವಾದಾಗ ಭುವನ್ ಏನು ತಿನ್ನುತ್ತಾನೆಂದು ಯಾಮಿನಿಗಿಂತ ಮೊದಲೇ ತಿಳಿದಿದ್ದವನೊಬ್ಬ ಇದ್ದ.

ಗಾಳಿ ನಮ್ಮ ಕಡೆಗೆ ಬೀಸುತ್ತಿತ್ತು.

"ಯಾಮಿನಿಗೆ ಗೊತ್ತಾಯ್ತಾ?" ಭುವನ್ ಕೇಳಿದ. ಹೆಂಡತಿಯನ್ನು ನೆನೆದ ಗಂಡನ ದನಿಯಲ್ಲ. ಅವಳಿಂದಲೇ ಅಡಗಿ ಕೂತವನ ದನಿ.

ನನ್ನ ಕೈಯಲ್ಲಿದ್ದ ಮಣಿಕಟ್ಟು ಅಲ್ಲಿಯವರೆಗೆ ನಡುಗುತ್ತಿತ್ತು. ಈಗ ನಿಂತಿತು. ಪೂರ್ತಿ ನಿಂತಿತು. ತಿರುಗಿ ನೋಡಿದೆ. ಯಾಮಿನಿಯ ಊದಿದ ಕಣ್ಣಿನಲ್ಲಿ ಆಶ್ಚರ್ಯವಿರಲಿಲ್ಲ.

ದಿನೇಶ ಇಲ್ಲವೆಂದು ತಲೆಯಾಡಿಸಿದ. ಮಾಸ್ಕನ್ನು ಮೂಗಿನ ಮೇಲೆ ಸರಿಮಾಡಿಕೊಂಡು, ಮೆಟ್ಟಿಲ ಹತ್ತಿರ ಬಂದು, ಬಟ್ಟೆಯಲ್ಲಿ ಸುತ್ತಿದ ಊಟದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಮಾತೂ ಆಡದೆ ಭುವನ್‌ನ ಕೈಗೆ ಕೊಟ್ಟ.